ಗುಂಡ್ಲುಪೇಟೆ: ಕೊಳವೆಗೆ ಸಹಾಯಧನ, ಉಳಿಸಿದ ನೀರಿಗೆ ಶೂನ್ಯ

ಚಾಮರಾಜನಗರ ಜಿಲ್ಲೆಯಲ್ಲಿ ಮಣ್ಣು, ನೀರು ಮತ್ತು ಮರಗಳನ್ನು ಉಳಿಸಲು ಸರ್ಕಾರ ರೈತರಿಗೆ ಹಣ ಕೊಡುತ್ತಿದೆ. ಹನಿ ನೀರಾವರಿಗೆ ಶೇ 90ರಷ್ಟು ಸಹಾಯಧನವಿದೆ. ಕೃಷಿ ಹೊಂಡಕ್ಕೆ, ಅದರ ತಳಕ್ಕೆ ಹಾಸುವ ಪ್ಲಾಸ್ಟಿಕ್ ಹೊದಿಕೆಗೆ, ನೀರೆತ್ತುವ ಪಂಪ್‌ಗೆ, ಸುತ್ತಲಿನ ಬೇಲಿಗೆ ಪ್ರತ್ಯೇಕ ನೆರವಿದೆ. ಹೊಲದ ಬದುವಿಗೆ, ಸಸಿಗೆ, ಸೌರ ಬೇಲಿಗೆ, ಸಾವಯವ ಗೊಬ್ಬರಕ್ಕೆ ಬೇರೆ ಬೇರೆ ಯೋಜನೆಗಳಿವೆ. ಸಂರಕ್ಷಣೆಯ ಹೆಸರಿನಲ್ಲಿ ಇಷ್ಟೊಂದು ಬಾಗಿಲುಗಳು ತೆರೆದಿದ್ದರೂ, ಇದೇ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕು ಕೇಂದ್ರ ಅಂತರ್ಜಲ ಮಂಡಳಿಯ ಮೌಲ್ಯಮಾಪನಗಳಲ್ಲಿ ‘ಅತಿಬಳಕೆ’ಯ ವರ್ಗದಲ್ಲಿ ಕಾಣಿಸಿಕೊಂಡಿದೆ. ಮಳೆಯಿಂದ ವರ್ಷವೊಂದರಲ್ಲಿ ಭೂಮಿಗೆ ಇಂಗುವ ನೀರಿಗಿಂತ ಹೆಚ್ಚಿನ ನೀರನ್ನು ಅದೇ ವರ್ಷ ಮೇಲೆತ್ತಲಾಗುತ್ತಿದೆ ಎಂಬುದು ಈ ಸರ್ಕಾರಿ ಪದದ ಅರ್ಥ.

ಈ ಎರಡು ಸಂಗತಿಗಳು ಜೊತೆಯಾಗಿಯೇ ಇರಲು ಸಾಧ್ಯವಾದದ್ದು ಹೇಗೆ? ಭ್ರಷ್ಟಾಚಾರ, ಅನುದಾನದ ಕೊರತೆ, ರೈತರ ಅರಿವಿನ ಕೊರತೆ ಎಂಬ ಮಾಮೂಲು ಉತ್ತರಗಳು ಕೈಗೆ ಸುಲಭವಾಗಿ ಸಿಗುತ್ತವೆ. ಆದರೆ ಯೋಜನೆಗಳೆಲ್ಲವೂ ನಿಯಮದಂತೆಯೇ ಜಾರಿಯಾಗಿ, ಹಣವೆಲ್ಲವೂ ಅರ್ಹರ ಖಾತೆಗೇ ಸೇರಿದರೂ ಪರಿಣಾಮ ಬಹುಮಟ್ಟಿಗೆ ಹೀಗೆಯೇ ಇರುತ್ತಿತ್ತು. ಏಕೆಂದರೆ ಸರ್ಕಾರ ಹಣ ಕೊಡುತ್ತಿರುವುದು ಸಂರಕ್ಷಣೆಯ ಸಲಕರಣೆಗಳಿಗೆ, ಸಂರಕ್ಷಣೆಗೆ ಅಲ್ಲ.

ಒಂದೇ ಹೊಲ, ಹಲವು ಕಚೇರಿ

ಗುಂಡ್ಲುಪೇಟೆ ಪಶ್ಚಿಮ ಘಟ್ಟಗಳ ಮಳೆ ನೆರಳಿನ ಪ್ರದೇಶ. ನೆರೆಯ ವಯನಾಡಿನಲ್ಲಿ ಮುಂಗಾರು ಧಾರಾಕಾರವಾಗಿ ಸುರಿಯುವಾಗ ಇಲ್ಲಿ ಮೋಡಗಳು ಹಾದುಹೋಗುವುದೇ ಹೆಚ್ಚು. ಸೂರ್ಯಕಾಂತಿ, ಜೋಳ, ಹತ್ತಿ, ರಾಗಿ ಮತ್ತು ಅವುಗಳ ಹಿಂದೆ ಬಿತ್ತುವ ಹುರುಳಿ ಇಲ್ಲಿನ ಮಳೆಯಾಶ್ರಿತ ಬೇಸಾಯದ ಬೆಳೆಗಳು. ಕೊಳವೆ ಬಾವಿಗಳು ಬಂದ ಮೇಲೆ ಅರಿಶಿನ, ಬಾಳೆ, ಕಬ್ಬು, ಸಾಂಬಾರ್ ಈರುಳ್ಳಿ, ಬೀಟ್‌ರೂಟ್, ಕೋಸು, ಚೆಂಡುಹೂವು ವಿಸ್ತರಿಸಿದವು. ಇಲ್ಲಿನ ತರಕಾರಿ ಮೈಸೂರು, ಬೆಂಗಳೂರುಗಳಿಗೂ ಘಟ್ಟದಾಚೆಯ ಕೇರಳಕ್ಕೂ ಹೋಗುತ್ತದೆ. ಹೀಗಾಗಿ ಇದು ಒಂದು ತಾಲ್ಲೂಕಿನ ರೈತರ ಸಮಸ್ಯೆ ಮಾತ್ರವಲ್ಲ, ನಗರದ ಅಡುಗೆಮನೆಯ ಸಮಸ್ಯೆಯೂ ಹೌದು. ಇಲ್ಲಿ ಹುಟ್ಟುವ ಗುಂಡ್ಲು ಹೊಳೆ ಅಥವಾ ಕೌಂಡಿನ್ಯ ನದಿ ನಂಜನಗೂಡಿನ ಬಳಿ ಕಪಿಲೆಯನ್ನು ಸೇರಿ, ಆ ಮೂಲಕ ಕಾವೇರಿಯ ಪಾಲಾಗುತ್ತದೆ. ಭೂಮಿಯ ಒಳಗಿನ ನೀರು ಕೆಳಗಿಳಿದಂತೆ ಹೊಳೆಯ ಹರಿವೂ ಕ್ಷೀಣಿಸುತ್ತದೆ.

ಇಂತಹ ನೆಲದಲ್ಲಿ ನೀರಾವರಿ ಮಾಡುವ ಹೊಲವೊಂದಕ್ಕೆ ಸರ್ಕಾರದ ಹಣ ಬರುವ ದಾರಿಗಳನ್ನು ಗಮನಿಸಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳ ಸಣ್ಣ ಹಿಡುವಳಿದಾರರಿಗೆ ಗಂಗಾ ಕಲ್ಯಾಣ ಯೋಜನೆಯಡಿ ಕೊಳವೆ ಬಾವಿ ಸಿಗುತ್ತದೆ; ಇದನ್ನು ನಡೆಸುವುದು ಆಯಾ ವರ್ಗದ ಅಭಿವೃದ್ಧಿ ನಿಗಮಗಳು. ಪಂಪ್‌ಗೆ ವಿದ್ಯುತ್ ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. 2008ರಿಂದ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಹನಿ ನೀರಾವರಿಯ ಕೊಳವೆಗಳಿಗೆ ಸಹಾಯಧನ ಕೊಡುವುದು ತೋಟಗಾರಿಕೆ ಬೆಳೆಯಾದರೆ ತೋಟಗಾರಿಕೆ ಇಲಾಖೆ, ಹೊಲದ ಬೆಳೆಯಾದರೆ ಕೃಷಿ ಇಲಾಖೆ, ಹಿಪ್ಪುನೇರಳೆಯಾದರೆ ರೇಷ್ಮೆ ಇಲಾಖೆ. ಹೊಲ ಕಾಡಂಚಿನಲ್ಲಿದ್ದರೆ ಸೌರ ಬೇಲಿಗೂ, ಆನೆ ನುಗ್ಗಿದಾಗ ಬೆಳೆ ಹಾನಿಯ ಪರಿಹಾರಕ್ಕೂ ಅರಣ್ಯ ಇಲಾಖೆಯ ಬಾಗಿಲು ತಟ್ಟಬೇಕು. ಕೆರೆ ತುಂಬಿಸಲು ಕಬಿನಿಯ ನೀರನ್ನು ಆಲಂಬೂರು, ಹುತ್ತೂರು ಮೊದಲಾದ ಏತ ಯೋಜನೆಗಳ ಮೂಲಕ ತರುವವರು ನೀರಾವರಿ ಎಂಜಿನಿಯರುಗಳು.

ಪ್ರತಿಯೊಂದು ಕಚೇರಿಗೂ ತನ್ನದೇ ಗುರಿ, ತನ್ನದೇ ಪ್ರಗತಿ ವರದಿ. ಎಷ್ಟು ಹೆಕ್ಟೇರಿಗೆ ಹನಿ ನೀರಾವರಿ ಅಳವಡಿಸಲಾಯಿತು, ಎಷ್ಟು ಹೊಂಡ ತೋಡಲಾಯಿತು, ಎಷ್ಟು ಅರ್ಜಿ ವಿಲೇವಾರಿಯಾಯಿತು ಎಂಬುದು ಅಲ್ಲಿ ದಾಖಲಾಗುತ್ತದೆ. ಆ ಹೊಲದ ಕೆಳಗಿನ ನೀರಿನ ಮಟ್ಟ ಏರಿತೇ, ಇಳಿಯಿತೇ ಎಂಬ ಪ್ರಶ್ನೆ ಯಾವ ಸಹಾಯಧನದ ಕಡತದಲ್ಲಿಯೂ ಇಲ್ಲ.

ಬೇರಂಬಾಡಿ ಕಲಿಸಿದ್ದು

ಈ ಪ್ರಶ್ನೆಗೆ ಉತ್ತರ ಹುಡುಕಲು ಗುಂಡ್ಲುಪೇಟೆಯಷ್ಟು ಅನುಕೂಲಕರ ಸ್ಥಳ ದೇಶದಲ್ಲಿ ಬೇರೆ ಸಿಗುವುದು ಕಷ್ಟ. ತಾಲ್ಲೂಕಿನ ಬೇರಂಬಾಡಿ ಜಲಾನಯನ ಪ್ರದೇಶವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸ್‌ನ ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳು ಜಂಟಿಯಾಗಿ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಸುಮಾರು 84 ಚದರ ಕಿಲೋಮೀಟರ್ ವಿಸ್ತಾರದ ಈ ಪ್ರದೇಶದ ಪಶ್ಚಿಮದಂಚು ಬಂಡೀಪುರದ ಕಾಡಿಗೆ ತಾಗಿದೆ. ಮಣ್ಣಿನ ತೇವ, ಮಳೆ, ಕೊಳವೆ ಬಾವಿಗಳ ಮಟ್ಟ, ಬೆಳೆಗಳ ಬದಲಾವಣೆ, ಎಲ್ಲವನ್ನೂ ಇಲ್ಲಿ ನೆಲದ ಮೇಲೆಯೂ ಉಪಗ್ರಹದ ಮೂಲಕವೂ ಅಳೆಯಲಾಗಿದೆ.

2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರಂಬಾಡಿಯ ರೈತ ಕುಟುಂಬಗಳನ್ನು ವರ್ಗೀಕರಿಸಿ, ಅವರ ಬೇಸಾಯ ಪದ್ಧತಿಯನ್ನು ನಿರ್ಧರಿಸುವುದು ಮುಖ್ಯವಾಗಿ ಎರಡು ಅಂಶಗಳೆಂದು ಹೇಳಿತು: ಜಮೀನಿನ ಗಾತ್ರ ಹಾಗೂ ಅಂತರ್ಜಲದ ಲಭ್ಯತೆ. ಅದೇ ವರ್ಷ ಬಂದ ಇನ್ನೊಂದು ಅಧ್ಯಯನ ಅಲ್ಲಿನ ಕೊಳವೆ ಬಾವಿಗಳ ನೀರನ್ನು ದಟ್ಟವಾಗಿ ಪರೀಕ್ಷಿಸಿ ನೈಟ್ರೇಟ್ ಮಾಲಿನ್ಯವನ್ನು ಗುರುತಿಸಿತು. ಗೊಬ್ಬರ ಬೆರೆತ ನೀರು ಕೆಳಗಿಳಿಯುತ್ತದೆ, ಅದೇ ನೀರನ್ನು ಪಂಪ್ ಮತ್ತೆ ಮೇಲೆತ್ತುತ್ತದೆ, ಮತ್ತೆ ಗೊಬ್ಬರ ಸೇರುತ್ತದೆ. ಈ ಚಕ್ರ ತಿರುಗಿದಷ್ಟೂ ನೀರು ಕೆಡುತ್ತದೆ. ಅಂದರೆ ಇಲ್ಲಿನ ಅಂತರ್ಜಲ ಬತ್ತುವುದರ ಜೊತೆಗೆ ಗುಣವನ್ನೂ ಕಳೆದುಕೊಳ್ಳುತ್ತಿದೆ. ಅದೇ ನೀರು ಹಳ್ಳಿಯ ಕುಡಿಯುವ ನೀರೂ ಹೌದು ಎಂಬುದನ್ನು ನೆನೆದರೆ ಸಮಸ್ಯೆಯ ತೂಕ ತಿಳಿಯುತ್ತದೆ.

ಈ ಎರಡು ಅಧ್ಯಯನಗಳನ್ನು ಒಟ್ಟಿಗಿಟ್ಟು ಓದಿದರೆ ಸಹಾಯಧನದ ದೋಷ ಸ್ಪಷ್ಟವಾಗುತ್ತದೆ. ಹನಿ ನೀರಾವರಿಯ ಅರ್ಜಿಗೆ ನೀರಿನ ಮೂಲವಿದೆ ಎಂಬ ದಾಖಲೆ ಬೇಕು. ನೀರಿನ ಮೂಲವೆಂದರೆ ಇಲ್ಲಿ ಬಹುಪಾಲು ಕೊಳವೆ ಬಾವಿ. ಕೊಳವೆ ಬಾವಿ ಕೊರೆಸಿದವನಿಗೆ ‘ನೀರು ಉಳಿಸಲು’ ನೆರವು ದೊರೆಯುತ್ತದೆ. ಕೊರೆಸದೆ, ಮಳೆಯನ್ನೇ ನಂಬಿ ಜೋಳ ಮತ್ತು ಹುರುಳಿ ಬೆಳೆಯುತ್ತಿರುವವನು ಅಂತರ್ಜಲದಿಂದ ಒಂದು ಹನಿಯನ್ನೂ ಎತ್ತಿಲ್ಲ. ಅವನ ಹೊಲದ ಮೇಲೆ ಬಿದ್ದ ಮಳೆಯಲ್ಲಿ ಇಂಗಿದ ಪಾಲು ನೆರೆಯವನ ಕೊಳವೆ ಬಾವಿಗೆ ಸೇರುತ್ತದೆ. ನೀರು ಉಳಿಸುವುದಕ್ಕೆಂದು ಇಟ್ಟ ಹಣದಲ್ಲಿ ಅವನಿಗೆ ಪಾಲಿಲ್ಲ.

ಹನಿ ನೀರಾವರಿಯ ಒಗಟು

ಹನಿ ನೀರಾವರಿಯ ವಿರುದ್ಧ ವಾದಿಸುವುದು ಇಲ್ಲಿನ ಉದ್ದೇಶವಲ್ಲ. ಅದು ಬೆಳೆಯ ಇಳುವರಿ ಹೆಚ್ಚಿಸುತ್ತದೆ, ಕೂಲಿ ತಗ್ಗಿಸುತ್ತದೆ, ಗೊಬ್ಬರದ ಪೋಲು ಕಡಿಮೆ ಮಾಡುತ್ತದೆ. 2015ರಲ್ಲಿ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಘಟಕವಾಗಿ ಆರಂಭವಾದ ‘ಪ್ರತಿ ಹನಿಗೆ ಅಧಿಕ ಬೆಳೆ’ ಕಾರ್ಯಕ್ರಮದಡಿ ಕೇಂದ್ರದ ಮಾರ್ಗಸೂಚಿಯಂತೆ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಶೇ 55, ಉಳಿದವರಿಗೆ ಶೇ 45ರಷ್ಟು ನೆರವಿದೆ. ಕರ್ನಾಟಕ ತನ್ನ ಬೊಕ್ಕಸದಿಂದ ಹೆಚ್ಚುವರಿ ಹಣ ಸೇರಿಸಿ ಮೊದಲ 2 ಹೆಕ್ಟೇರ್‌ವರೆಗೆ ಅದನ್ನು ಶೇ 90ಕ್ಕೆ ಏರಿಸಿದೆ. ರೈತನ ದೃಷ್ಟಿಯಿಂದ ಇದು ಉದಾರ ಯೋಜನೆಯೇ ಸರಿ.

ಪ್ರಶ್ನೆ ಇರುವುದು ಉಳಿದ ನೀರು ಎಲ್ಲಿಗೆ ಹೋಗುತ್ತದೆ ಎಂಬಲ್ಲಿ. 2 ಎಕರೆಗೆ ಕಾಲುವೆಯಲ್ಲಿ ಹಾಯಿಸುತ್ತಿದ್ದ ನೀರು ಹನಿ ಪದ್ಧತಿಯಲ್ಲಿ 3 ಎಕರೆಗೆ ಸಾಕಾಗುತ್ತದೆ ಎಂದು ಭಾವಿಸೋಣ. ವಿದ್ಯುತ್ ಉಚಿತ, ಪಂಪ್‌ಗೆ ಮೀಟರ್ ಇಲ್ಲ, ಮೇಲೆತ್ತುವ ನೀರಿಗೆ ಮಿತಿಯಿಲ್ಲ. ಹೀಗಿರುವಾಗ ಆ ರೈತ ಪಂಪ್ ನಿಲ್ಲಿಸಿ ನೀರನ್ನು ಭೂಮಿಯೊಳಗೇ ಬಿಡುತ್ತಾನೆಯೇ, ಇಲ್ಲವೇ ಮೂರನೇ ಎಕರೆಗೂ ಬಾಳೆ ಕೂರಿಸುತ್ತಾನೆಯೇ? ಎರಡನೆಯದನ್ನೇ ಮಾಡಿದರೆ ಅವನನ್ನು ದೂರುವಂತಿಲ್ಲ. ಸಾಲ, ಮಕ್ಕಳ ಓದು, ಮಾರುಕಟ್ಟೆಯ ಏರಿಳಿತಗಳ ನಡುವೆ ಬದುಕುವ ಯಾರೇ ಆದರೂ ಅದನ್ನೇ ಮಾಡುತ್ತಾರೆ. ಹಿಂದೆ ಕಾಲುವೆಯಿಂದ ಸೋರಿ ಮತ್ತೆ ಭೂಮಿಗೆ ಇಂಗುತ್ತಿದ್ದ ಅಷ್ಟಿಷ್ಟು ನೀರೂ ಈಗ ಬೆಳೆಯ ಮೂಲಕ ಆವಿಯಾಗಿ ಹೋಗುತ್ತದೆ.

ಇದು ಗುಂಡ್ಲುಪೇಟೆಗೆ ಮಾತ್ರ ಸೀಮಿತವಾದ ವಿದ್ಯಮಾನವಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಹಲವು ದೇಶಗಳ ಅನುಭವವನ್ನು ಕ್ರೋಡೀಕರಿಸಿ ಪ್ರಕಟಿಸಿದ ವರದಿಯ ತಿರುಳೂ ಇದೇ: ನೀರಿನ ಬಳಕೆಗೆ ಮಿತಿ ಹಾಕದೆ ಆಧುನಿಕ ನೀರಾವರಿ ತಂತ್ರಜ್ಞಾನವನ್ನು ಮಾತ್ರ ಹರಡಿದರೆ ಒಟ್ಟು ಬಳಕೆ ತಗ್ಗುವುದಿಲ್ಲ, ಅನೇಕ ಕಡೆ ಹೆಚ್ಚುತ್ತದೆ. ನೀರಾವರಿ ದಕ್ಷತೆಯ ಈ ವಿರೋಧಾಭಾಸ 2018ರಲ್ಲಿ ‘ಸೈನ್ಸ್’ ನಿಯತಕಾಲಿಕೆಯಲ್ಲಿಯೂ ಚರ್ಚೆಯಾಯಿತು. ಹಾಗಿದ್ದೂ ನಮ್ಮ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಹನಿ ನೀರಾವರಿಗೆ ಒಳಪಟ್ಟ ಹೆಕ್ಟೇರುಗಳನ್ನೇ ‘ಉಳಿದ ನೀರು’ ಎಂದು ಓದಲಾಗುತ್ತದೆ.

ಹೊಂಡದ ಗಣಿತ

ಕೃಷಿ ಹೊಂಡದ ಕಥೆ ಇದಕ್ಕಿಂತ ಆಶಾದಾಯಕವಾಗಿ ಆರಂಭವಾಗಿತ್ತು. 2014ರಲ್ಲಿ ರಾಜ್ಯ ಸರ್ಕಾರ ಜಾರಿಗೆ ತಂದ ಕೃಷಿ ಭಾಗ್ಯ ಯೋಜನೆಯ ಗುರಿ ಮಳೆಯಾಶ್ರಿತ ರೈತ. ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90ರಷ್ಟು ಸಹಾಯಧನ. ನಡುವೆ ನಿಂತುಹೋಗಿದ್ದ ಯೋಜನೆ 2023ರ ನಂತರ ಮರುಜೀವ ಪಡೆಯಿತು. ಹೊಂಡಗಳಿಗೆ ಮಕ್ಕಳು ಬಿದ್ದು ಸತ್ತ ದುರಂತಗಳ ನಂತರ ಬೇಲಿಯೂ ಯೋಜನೆಯ ಭಾಗವಾಗಿದೆ.

ಹೊಂಡವೊಂದು ಏನು ಮಾಡಬಲ್ಲುದು, ಏನು ಮಾಡಲಾರದು ಎಂಬುದನ್ನು ಸರಳ ಲೆಕ್ಕ ಹೇಳುತ್ತದೆ. 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡದ ಗೋಡೆಗಳು ನೇರವಾಗಿವೆ ಎಂದುಕೊಂಡರೂ ಅದರಲ್ಲಿ ಹಿಡಿಯುವ ನೀರು 432 ಘನ ಮೀಟರ್, ಅಂದರೆ 4.32 ಲಕ್ಷ ಲೀಟರ್. ಇಳಿಜಾರು ಗೋಡೆಯ ಕಾರಣ ನಿಜವಾದ ಸಾಮರ್ಥ್ಯ ಇನ್ನೂ ಕಡಿಮೆ. ಇದನ್ನು ಒಂದು ಎಕರೆಗೆ ಹರಡಿದರೆ ಸುಮಾರು 4 ಅಂಗುಲ ಮಳೆಗೆ ಸಮ. ಹೂವು ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಜೋಳವನ್ನೋ ಸೂರ್ಯಕಾಂತಿಯನ್ನೋ ಉಳಿಸಿಕೊಳ್ಳಲು ಇಷ್ಟು ಸಾಕು; ಒಂದು ಒಳ್ಳೆಯ ಹದದ ನೀರು ಬೆಳೆಯನ್ನು ದಡ ಸೇರಿಸುತ್ತದೆ. ವರ್ಷವಿಡೀ ನೀರು ಬೇಡುವ ಬಾಳೆಗೆ, ಕಬ್ಬಿಗೆ ಇದು ಯಾತಕ್ಕೂ ಸಾಲದು.

ಹೊಂಡದ ಜೊತೆಗೆ ಬೆಳೆಯ ಮಾತೂ ಬರಬೇಕಾದದ್ದು ಈ ಕಾರಣಕ್ಕೆ. ನೆರೆಯ ಮಹಾರಾಷ್ಟ್ರದಲ್ಲಿ ಸಂಶೋಧಕರು ದಾಖಲಿಸಿದಂತೆ, ಪ್ಲಾಸ್ಟಿಕ್ ಹೊದಿಸಿದ ಹೊಂಡಗಳು ಅನೇಕ ಕಡೆ ಮಳೆ ನೀರಿನ ಸಂಗ್ರಹಗಳಾಗಿ ಉಳಿಯದೆ, ಬಾವಿ ಮತ್ತು ಕೊಳವೆ ಬಾವಿಯಿಂದ ಎತ್ತಿದ ನೀರನ್ನು ಬೇಸಿಗೆಗಾಗಿ ಕೂಡಿಡುವ ತೊಟ್ಟಿಗಳಾದವು. ಎಲ್ಲರಿಗೂ ಸೇರಿದ ಅಂತರ್ಜಲ ಹೀಗೆ ಒಬ್ಬರ ಹೊಲದಲ್ಲಿ ಬಿಸಿಲಿಗೆ ತೆರೆದುಕೊಂಡು ಖಾಸಗಿ ಸ್ವತ್ತಾಯಿತು. ಹೊದಿಕೆ ಹಾಸಿದ ಹೊಂಡದಿಂದ ನೀರು ಇಂಗುವುದೂ ಇಲ್ಲ. ಕರ್ನಾಟಕ ಈ ಅನುಭವದಿಂದ ಕಲಿಯಬೇಕಾದದ್ದು ಒಂದೇ: ಹೊಂಡ ತೋಡಿದ ಛಾಯಾಚಿತ್ರ ಕಡತದಲ್ಲಿದ್ದರೆ ಸಾಲದು, ಅದನ್ನು ಏನಿಂದ ತುಂಬಿಸಲಾಗುತ್ತಿದೆ ಎಂಬುದನ್ನು ಎರಡು ಮೂರು ವರ್ಷಗಳ ನಂತರವೂ ಹೋಗಿ ನೋಡಬೇಕು.

ಕಾಡಂಚಿನಲ್ಲಿ ಎರಡು ಬಾರಿ ಖರ್ಚು

ನೀರಿನ ಸಹಾಯಧನದ ಪರಿಣಾಮ ಕಾಡಂಚಿಗೆ ಬಂದಾಗ ಇನ್ನೊಂದು ರೂಪ ತಾಳುತ್ತದೆ. ಜಿಲ್ಲೆಯ ಸುಮಾರು ಅರ್ಧ ಭಾಗ ಅರಣ್ಯ. ಬಂಡೀಪುರ 1973ರಲ್ಲಿ ಹುಲಿ ಯೋಜನೆಯ ಮೊದಲ ಅಭಯಾರಣ್ಯಗಳಲ್ಲಿ ಒಂದಾಗಿ ಸೇರಿತು. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಹಾಗೂ ಕಾವೇರಿ ವನ್ಯಜೀವಿ ಧಾಮಗಳು ಉಳಿದ ದಿಕ್ಕುಗಳಲ್ಲಿವೆ. ಕಾಡಿನ ಅಂಚಿನ ಹೊಲದಲ್ಲಿ ಹುರುಳಿ ಇದ್ದಾಗ ಆನೆಗೆ ಅಲ್ಲಿ ಹೆಚ್ಚಿನ ಆಕರ್ಷಣೆ ಇರಲಿಲ್ಲ. ಬೇಸಿಗೆಯಲ್ಲೂ ಹಸಿರಾಗಿರುವ ಬಾಳೆ ಮತ್ತು ಕಬ್ಬು ಬಂದರೆ ಆನೆಗೆ ಅದು ಆಹ್ವಾನ ಪತ್ರಿಕೆಯೇ.

ಸರ್ಕಾರದ ಒಂದು ಇಲಾಖೆಯ ಹಣ ಆ ಹಸಿರನ್ನು ಬೆಳೆಸುತ್ತದೆ. ಮತ್ತೊಂದು ಇಲಾಖೆಯ ಹಣ ಅದನ್ನು ಕಾಯಲು ಕಂದಕ, ಸೌರ ಬೇಲಿ, ರೈಲು ಹಳಿಯ ತಡೆಗೋಡೆ ನಿರ್ಮಿಸುತ್ತದೆ. ಅವೆಲ್ಲವನ್ನೂ ದಾಟಿ ಆನೆ ಬಂದರೆ ಅದೇ ಇಲಾಖೆ ಬೆಳೆ ಹಾನಿಯ ಪರಿಹಾರ ಕೊಡುತ್ತದೆ. ಮೂರೂ ಸಂರಕ್ಷಣೆಯ ಲೆಕ್ಕಕ್ಕೇ ಸೇರುತ್ತವೆ. ಆದರೆ ವನ್ಯಜೀವಿಗಳ ಜೊತೆ ಹೊಂದಿಕೊಳ್ಳುವ ಬೆಳೆಯನ್ನೇ ಇಟ್ಟುಕೊಂಡು, ಕಾಡಂಚಿನ ಹೊಲವನ್ನು ಬೇಲಿಯಿಲ್ಲದೆ, ಮಳೆಯಾಶ್ರಿತವಾಗಿಯೇ ಉಳಿಸಿದವನಿಗೆ ಕೊಡಲು ಯಾವ ಶೀರ್ಷಿಕೆಯಡಿಯಲ್ಲೂ ಹಣವಿಲ್ಲ. ನಷ್ಟವಾದ ಮೇಲೆ ಪರಿಹಾರ ಉಂಟು. ನಷ್ಟ ಆಗದಂತೆ ಬೇಸಾಯ ಮಾಡಿದರೆ ಪ್ರತಿಫಲವಿಲ್ಲ.

ಈ ಅಸಮತೋಲನದ ಬೆಲೆಯನ್ನು ಜಿಲ್ಲೆ 2025ರಲ್ಲಿ ಕಂಡಿತು. ಆ ವರ್ಷದ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ರೊಚ್ಚಿಗೆದ್ದ ಗ್ರಾಮಸ್ಥರು ಹುಲಿ ಹಿಡಿಯಲು ಇಟ್ಟಿದ್ದ ಬೋನಿನೊಳಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಎರಡೂ ಕೃತ್ಯಗಳು ಸಮರ್ಥನೀಯವಲ್ಲ. ಆದರೆ ಕಾಡನ್ನು ಉಳಿಸುವ ಹೊರೆ ತಮ್ಮದು, ಅದರ ಲಾಭ ಬೇರೆಯವರದು ಎಂಬ ಭಾವನೆ ಅಂಚಿನ ಹಳ್ಳಿಗಳಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಅವು ತೋರಿಸಿದವು. ಪರಿಹಾರದ ಮೊತ್ತವನ್ನು ಏರಿಸುವುದರಿಂದ ಮಾತ್ರ ಈ ಭಾವನೆ ಅಳಿಯುವುದಿಲ್ಲ.

ಬದುಕಿದ ಸಸಿಗೆ ಮಾತ್ರ ಹಣ

ಎಲ್ಲ ಯೋಜನೆಗಳೂ ಒಂದೇ ಅಚ್ಚಿನಲ್ಲಿ ಎರಕಗೊಂಡಿಲ್ಲ. 2011-12ರಲ್ಲಿ ರಾಜ್ಯ ಅರಣ್ಯ ಇಲಾಖೆ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಒಳತರ್ಕ ಬೇರೆ. ಇಲ್ಲಿ ರೈತ ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದಲ್ಲಿ ಸಸಿ ಪಡೆದು ತನ್ನ ಹೊಲದಲ್ಲಿ ನೆಡುತ್ತಾನೆ. ಗುಂಡಿ ತೋಡಿದ್ದಕ್ಕೆ, ಸಸಿ ನೆಟ್ಟಿದ್ದಕ್ಕೆ ಹಣವಿಲ್ಲ. ವರ್ಷದ ಕೊನೆಗೆ ಬದುಕಿರುವ ಸಸಿಗಳನ್ನು ಎಣಿಸಿ ಹಣ ಕೊಡಲಾಗುತ್ತದೆ. ಆರಂಭದಲ್ಲಿ ಮೂರು ವರ್ಷಕ್ಕೆ ಸಸಿಯೊಂದಕ್ಕೆ 45 ರೂ. ಇದ್ದ ಪ್ರೋತ್ಸಾಹಧನ ನಂತರ 100 ರೂ., ಆಮೇಲೆ 125 ರೂ.ಗೆ ಏರಿತು: ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50. ಹೆಕ್ಟೇರಿಗೆ 400 ಸಸಿಗಳ ಮಿತಿಯಿದೆ. ಅಷ್ಟೂ ಬದುಕಿದರೆ ಮೂರು ವರ್ಷದಲ್ಲಿ 50 ಸಾವಿರ ರೂ. ನೆಲದ ನೀರನ್ನು ಹೀರುವ ನೀಲಗಿರಿ, ಅಕೇಶಿಯಗಳಿಗೆ ಪ್ರೋತ್ಸಾಹಧನ ಇಲ್ಲ.

ಮೊತ್ತ ದೊಡ್ಡದೇನಲ್ಲ. ಎಣಿಕೆಗೆ ಸಿಬ್ಬಂದಿ ಬಂದುಹೋಗಬೇಕು, ಹಣ ತಡವಾದರೆ ಉತ್ಸಾಹ ಕುಗ್ಗುತ್ತದೆ. ಮರ ದೊಡ್ಡದಾದ ಮೇಲೆ ಕಡಿಯಲು, ಸಾಗಿಸಲು ಅನುಮತಿಯ ತೊಡಕುಗಳೂ ಇವೆ. ಇವೆಲ್ಲ ಮಿತಿಗಳ ನಡುವೆಯೂ ಈ ಯೋಜನೆ ಒಂದು ಸರಳ ತತ್ವವನ್ನು ಸರ್ಕಾರಿ ಆಡಳಿತದೊಳಗೆ ತಂದಿತು: ಫಲಿತಾಂಶ ಹೊಲದಲ್ಲಿ ಕಾಣಬೇಕು, ಕಂಡಷ್ಟಕ್ಕೆ ಮಾತ್ರ ಹಣ. ಸತ್ತ ಸಸಿಯ ಹೆಸರಿನಲ್ಲಿ ಬಿಲ್ಲು ಮಾಡಲು ಇಲ್ಲಿ ಅವಕಾಶ ಕಡಿಮೆ. ಸಸಿಯನ್ನು ಮೂರು ವರ್ಷ ಎಣಿಸಲು ಸಾಧ್ಯವಿರುವ ಆಡಳಿತಕ್ಕೆ ಬಾವಿಯ ನೀರಿನ ಮಟ್ಟವನ್ನು ಎಣಿಸಲು ಸಾಧ್ಯವಿಲ್ಲವೆಂದರೆ ನಂಬುವುದು ಕಷ್ಟ.

ಮಳೆಯಾಶ್ರಿತ ಬೆಳೆಗೂ ಇಂತಹ ನೇರ ನೆರವಿನ ಒಂದು ಪ್ರಯತ್ನ ನಡೆದಿದೆ. 2019-20ರಲ್ಲಿ ಜಾರಿಯಾದ ರೈತ ಸಿರಿ ಯೋಜನೆ ನವಣೆ, ಸಾಮೆ, ಹಾರಕದಂತಹ ಕಿರುಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ 10 ಸಾವಿರ ರೂ. ನಿಗದಿಪಡಿಸಿತು. ಕಡಿಮೆ ನೀರಿನ ಬೆಳೆ ಬೆಳೆದದ್ದಕ್ಕೇ ಹಣ ಕೊಡಬಹುದು ಎಂಬುದನ್ನು ರಾಜ್ಯ ಒಪ್ಪಿಕೊಂಡಿತು ಎಂಬುದಕ್ಕೆ ಇದು ಸಾಕ್ಷಿ.

ಬೇರೆಡೆ ನಡೆದಿರುವುದು

ಅಮೆರಿಕದಲ್ಲಿ 1985ರ ಕೃಷಿ ಕಾಯ್ದೆಯಿಂದ ಬಂದ ಸಂರಕ್ಷಣಾ ಮೀಸಲು ಕಾರ್ಯಕ್ರಮ ಸವಕಳಿಗೆ ಒಳಗಾಗುವ ಜಮೀನನ್ನು ಉಳುಮೆಯಿಂದ ಹೊರಗಿಟ್ಟು ಹುಲ್ಲು ಅಥವಾ ಮರ ಬೆಳೆಸುವ ರೈತರಿಗೆ 10ರಿಂದ 15 ವರ್ಷಗಳ ಕರಾರಿನ ಮೇಲೆ ವಾರ್ಷಿಕ ಬಾಡಿಗೆ ಕೊಡುತ್ತದೆ. ಅಲ್ಲಿ 2 ಕೋಟಿ ಎಕರೆಗೂ ಹೆಚ್ಚು ಭೂಮಿ ಈ ವ್ಯವಸ್ಥೆಯಲ್ಲಿದೆ. ಸರಾಸರಿ ಹಿಡುವಳಿಯೇ ಎರಡು ಮೂರು ಎಕರೆ ಇರುವ ನಾಡಿನಲ್ಲಿ ಜಮೀನನ್ನು ಪಾಳುಬಿಡಲು ಹಣ ಕೊಡುವ ಮಾತು ಅಸಂಗತ. ಅನುಸರಿಸಬೇಕಾದದ್ದು ಆ ಕಾರ್ಯಕ್ರಮದ ರೂಪವನ್ನಲ್ಲ, ಅದರ ಶಿಸ್ತನ್ನು: ಜಮೀನಿನ ಪರಿಸರ ಮಹತ್ವವನ್ನು ಅಂಕಗಳಲ್ಲಿ ಅಳೆದು, ಹೆಚ್ಚು ಅಂಕ ಬಂದ ಭೂಮಿಗೆ ಆದ್ಯತೆ ಕೊಡಲಾಗುತ್ತದೆ, ಕರಾರು ಮುರಿದರೆ ಹಣ ಹಿಂತಿರುಗಿಸಬೇಕಾಗುತ್ತದೆ.

ಭಾರತದೊಳಗಿನ ಉದಾಹರಣೆಗಳು ಇನ್ನೂ ಹತ್ತಿರದವು. ಪಂಜಾಬ್ 2018ರಲ್ಲಿ ‘ಪಾನಿ ಬಚಾವೋ ಪೈಸಾ ಕಮಾವೋ’ ಎಂಬ ಪ್ರಯೋಗ ಆರಂಭಿಸಿತು. ಒಪ್ಪಿದ ರೈತರ ಪಂಪ್‌ಗೆ ಮೀಟರ್ ಅಳವಡಿಸಿ, ತಿಂಗಳಿಗೆ ಇಂತಿಷ್ಟು ಯೂನಿಟ್ ಎಂದು ನಿಗದಿ ಮಾಡಿ, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್‌ಗೆ 4 ರೂ.ನಂತೆ ಖಾತೆಗೆ ಜಮಾ ಮಾಡಲಾಯಿತು. ಉಚಿತ ವಿದ್ಯುತ್ತನ್ನು ಕಿತ್ತುಕೊಳ್ಳಲಿಲ್ಲ. ಬಳಸದ ವಿದ್ಯುತ್ತಿಗೆ ಬೆಲೆ ಕಟ್ಟಲಾಯಿತು. ಹರಿಯಾಣ 2020ರಲ್ಲಿ ಭತ್ತ ಬಿಟ್ಟು ಬೇರೆ ಬೆಳೆಗೆ ಹೊರಳಿದವರಿಗೆ ಎಕರೆಗೆ 7,000 ರೂ. ಘೋಷಿಸಿತು. ಕರ್ನಾಟಕವೇ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಸೂರ್ಯ ರೈತ ಯೋಜನೆಯಡಿ ಸೌರ ಪಂಪ್‌ಗಳನ್ನು ಕೊಟ್ಟು, ರೈತರು ಬಳಸದ ವಿದ್ಯುತ್ತನ್ನು ಬೆಸ್ಕಾಂ ಕೊಳ್ಳುವ ಪ್ರಯೋಗ ಮಾಡಿತ್ತು. ಕೇಂದ್ರ ಸರ್ಕಾರ ವಿಶ್ವಬ್ಯಾಂಕ್ ನೆರವಿನೊಂದಿಗೆ 2019ರಲ್ಲಿ ಕರ್ನಾಟಕವೂ ಸೇರಿ 7 ರಾಜ್ಯಗಳಲ್ಲಿ ಆರಂಭಿಸಿದ 6,000 ಕೋಟಿ ರೂ.ಗಳ ಅಟಲ್ ಭೂಜಲ ಯೋಜನೆ ಅಂತರ್ಜಲ ಸುಧಾರಣೆಗೆ ಪ್ರೋತ್ಸಾಹಧನವನ್ನು ಜೋಡಿಸಿತು. ಆದರೆ ಅದು ತಲುಪಿದ್ದು ಸರ್ಕಾರಗಳನ್ನು. ಪಂಪ್‌ನ ಗುಂಡಿ ಒತ್ತುವ ಕೈಯನ್ನಲ್ಲ.

ಪಟ್ಟಿಯಲ್ಲಿ ಇಲ್ಲದವರು

ಹಣ ಫಲಿತಾಂಶಕ್ಕೇ ಬರಬೇಕು ಎಂದಾಗ ಯಾರ ಕೈಗೆ ಎಂಬ ಪ್ರಶ್ನೆಯೂ ಏಳುತ್ತದೆ. ಸಹಾಯಧನದ ಎಲ್ಲ ದಾರಿಗಳೂ ಪಹಣಿಯ ಮೂಲಕವೇ ಹಾದುಹೋಗುತ್ತವೆ. ‘ಫ್ರೂಟ್ಸ್’ ತಂತ್ರಾಂಶದಲ್ಲಿ ನೋಂದಣಿ ಸಂಖ್ಯೆ ಸಿಗುವುದೂ ಅದರ ಆಧಾರದ ಮೇಲೆಯೇ. ತಾತನ ಹೆಸರಿನಲ್ಲೇ ಉಳಿದಿರುವ ಜಂಟಿ ಖಾತೆ, ಪೌತಿಯಾಗದ ಜಮೀನು, ಗಂಡನ ಹೆಸರಿನ ಹೊಲದಲ್ಲಿ ದುಡಿಯುವ ಹೆಂಗಸು, ವಾರಕ್ಕೆ ಅಥವಾ ಗುತ್ತಿಗೆಗೆ ಮಾಡುವ ರೈತ, ಇವರೆಲ್ಲ ವ್ಯವಸ್ಥೆಯ ಕಣ್ಣಿಗೆ ಬೀಳುವುದಿಲ್ಲ. ಗುಂಡ್ಲುಪೇಟೆಯಲ್ಲಿ ಇನ್ನೊಂದು ತೊಡಕಿದೆ. ಶುಂಠಿ ಮತ್ತು ಬಾಳೆಗಾಗಿ ಜಮೀನನ್ನು ಅಲ್ಪಾವಧಿಗೆ ಗುತ್ತಿಗೆ ಹಿಡಿಯುವ ಕೇರಳದ ಬೆಳೆಗಾರರಿದ್ದಾರೆ. ಒಂದೆರಡು ವರ್ಷದಲ್ಲಿ ಬಿಟ್ಟುಹೋಗುವ ನೆಲದ ಮಣ್ಣನ್ನೋ ನೀರನ್ನೋ ಕಾಪಾಡಲು ಗುತ್ತಿಗೆದಾರನಿಗೆ ಕಾರಣವಿಲ್ಲ. ಸಹಾಯಧನ ಪಡೆದ ಮಾಲೀಕ ಅಲ್ಲಿ ಬೇಸಾಯವನ್ನೇ ಮಾಡುತ್ತಿಲ್ಲ.

ಸರಿಪಡಿಸುವ ದಾರಿ

ಹೊಸ ಯೋಜನೆಯೊಂದಕ್ಕೆ ಹೊಸ ಹೆಸರಿಡುವ ಅಗತ್ಯ ಇಲ್ಲಿಲ್ಲ. ಬೇಕಾದ ಮಾಹಿತಿ ಬಹುಮಟ್ಟಿಗೆ ಸರ್ಕಾರದ ಬಳಿಯೇ ಇದೆ. 2012ರಿಂದ 2019ರವರೆಗೆ ವಿಶ್ವಬ್ಯಾಂಕ್ ನೆರವಿನಿಂದ ನಡೆದ ಸುಜಲಾ-3 ಯೋಜನೆಯ 11 ಜಿಲ್ಲೆಗಳಲ್ಲಿ ಚಾಮರಾಜನಗರವೂ ಒಂದು. ಆ ಯೋಜನೆಯಡಿ ಆಯ್ದ ಕಿರು ಜಲಾನಯನಗಳಲ್ಲಿ ಮಣ್ಣಿನ ಆಳ, ಇಳಿಜಾರು, ಸವಕಳಿ, ಸೂಕ್ತ ಬೆಳೆಗಳ ವಿವರವನ್ನು ಸರ್ವೆ ನಂಬರಿನ ಮಟ್ಟದಲ್ಲಿ ಸಿದ್ಧಪಡಿಸಲಾಗಿದೆ. ಯಾವ ಹೊಲದಲ್ಲಿ ಬದು ಬೇಕು, ಯಾವ ಹೊಲದಲ್ಲಿ ಮರ ಬೇಕು, ಯಾವ ಹೊಲ ಕಬ್ಬಿಗೆ ಯೋಗ್ಯವಲ್ಲ ಎಂಬುದು ಅಲ್ಲಿ ಬರೆದಿದೆ. ಹನಿ ನೀರಾವರಿಯ ಅರ್ಜಿ ಪರಿಶೀಲಿಸುವ ಅಧಿಕಾರಿಯ ಮೇಜಿನ ಮೇಲೆ ಆ ನಕ್ಷೆ ಇರಬೇಕು.

ಮೊದಲ ಹೆಜ್ಜೆಯಾಗಿ, ಅತಿಬಳಕೆಯ ತಾಲ್ಲೂಕುಗಳಲ್ಲಿ ಹನಿ ನೀರಾವರಿಯ ನೆರವನ್ನು ನೀರಾವರಿ ವಿಸ್ತೀರ್ಣ ಹೆಚ್ಚಿಸುವುದಿಲ್ಲ ಎಂಬ ಷರತ್ತಿಗೆ ಒಳಪಡಿಸಿ, ಸಹಾಯಧನದ ಒಂದು ಭಾಗವನ್ನು ಮೂರನೇ ವರ್ಷಕ್ಕೆ ತಡೆಹಿಡಿಯಬಹುದು. ಉಪಗ್ರಹ ಚಿತ್ರಗಳಿಂದ ಇದನ್ನು ಪರಿಶೀಲಿಸುವುದು ಇಂದು ಕಷ್ಟವಲ್ಲ. ಬೇರಂಬಾಡಿಯ ಅಧ್ಯಯನಗಳು ಅದನ್ನು ತೋರಿಸಿಕೊಟ್ಟಿವೆ. ಎರಡನೆಯದಾಗಿ, ಒಂದೆರಡು ಫೀಡರ್‌ಗಳಲ್ಲಿ ಒಪ್ಪಿದ ರೈತರಿಗೆ ಮಾತ್ರ ಪಂಜಾಬ್ ಮಾದರಿಯ ಉಳಿತಾಯದ ಪ್ರೋತ್ಸಾಹಧನ ಕೊಟ್ಟು ನೋಡಬಹುದು. ನೀರಾವರಿ ಪಂಪ್‌ಸೆಟ್‌ಗಳ ಉಚಿತ ವಿದ್ಯುತ್ತಿಗಾಗಿ ವರ್ಷಕ್ಕೆ 10 ಸಾವಿರ ಕೋಟಿ ರೂ.ಗೂ ಹೆಚ್ಚು ಭರಿಸುತ್ತಿರುವ ರಾಜ್ಯಕ್ಕೆ ಇದು ಭಾರವಾಗದು. ಮೂರನೆಯದಾಗಿ, ಕಾಡಂಚಿನ ಹಳ್ಳಿಗಳಲ್ಲಿ ಮಳೆಯಾಶ್ರಿತ ಬೆಳೆಯನ್ನು ಉಳಿಸಿಕೊಂಡವರಿಗೆ, ಗುತ್ತಿಗೆದಾರರೂ ಸೇರಿ ಉಳುವ ಕೈಗೇ, ರೈತ ಸಿರಿಯ ಮಾದರಿಯಲ್ಲಿ ವಾರ್ಷಿಕ ಹಣ ದೊರೆಯಬೇಕು.

ಇದಕ್ಕೆ ವಿರೋಧ ಬಾರದೆ ಇರದು. ಮೀಟರ್ ಎಂದೊಡನೆ ಉಚಿತ ವಿದ್ಯುತ್ ರದ್ದಾಗುವ ಮುನ್ಸೂಚನೆ ಎಂದು ರೈತ ಸಂಘಟನೆಗಳು ಶಂಕಿಸುತ್ತವೆ. ಹಿಂದಿನ ಅನುಭವದ ಹಿನ್ನೆಲೆಯಲ್ಲಿ ಆ ಶಂಕೆ ನಿರಾಧಾರವೂ ಅಲ್ಲ. ಆದ್ದರಿಂದಲೇ ಆರಂಭ ಸ್ವಯಂಪ್ರೇರಿತವಾಗಿರಬೇಕು. ಮೊದಲು ಹಣ ಖಾತೆಗೆ ಬರಬೇಕು, ಆಮೇಲೆ ನಿಯಮದ ಮಾತು. ಕೊಳವೆ, ಪಂಪ್, ಪ್ಲಾಸ್ಟಿಕ್ ಮಾರುವ ಕಂಪನಿಗಳಿಗೂ ಈಗಿನ ಪದ್ಧತಿಯೇ ಹಿತ. ಸಹಾಯಧನದ ಬಹುಪಾಲು ರೈತನ ಕೈ ಸೋಕದೆ ಅಥವಾ ಸೋಕಿದೊಡನೆ ಅವರನ್ನು ಸೇರುತ್ತದೆ. ಬೆಳೆಯದ ಕಬ್ಬಿಗೆ, ಎತ್ತದ ನೀರಿಗೆ ಹಣ ಕೊಡುವ ಯೋಜನೆಯಲ್ಲಿ ಮಾರಲು ಸರಕಿಲ್ಲ, ಉದ್ಘಾಟಿಸಲು ಕಟ್ಟಡವೂ ಇಲ್ಲ. ಅದು ರಾಜಕೀಯವಾಗಿ ಆಕರ್ಷಕವಾಗದಿರಲು ಬಹುಶಃ ಇದೇ ಮುಖ್ಯ ಕಾರಣ.

ಗುಂಡ್ಲುಪೇಟೆಯಲ್ಲಿ ಹುರುಳಿ ಬಿತ್ತುವ ರೈತರ ಸಂಖ್ಯೆ ಕುಗ್ಗಿದಂತೆಲ್ಲ ಅಂತರ್ಜಲದ ಮೇಲಿನ ಹೊರೆ ಹೆಚ್ಚುತ್ತಲೇ ಹೋಗುತ್ತದೆ. ಕಬಿನಿಯಿಂದ ಎಷ್ಟು ಏತ ಹಾಕಿ ಕೆರೆ ತುಂಬಿಸಿದರೂ, ಆ ನೀರು ಇಂಗಿದ ಬೆನ್ನಲ್ಲೇ ಮತ್ತಷ್ಟು ಪಂಪ್‌ಗಳು ಕಾದಿರುತ್ತವೆ. ಮುಂದಿನ ಆಯವ್ಯಯದಲ್ಲಿ ಹನಿ ನೀರಾವರಿಗೆ, ಹೊಂಡಕ್ಕೆ ಎಷ್ಟು ಕೋಟಿ ಎಂಬ ಪ್ರಶ್ನೆಯ ಜೊತೆಗೆ, ಹಿಂದಿನ ಕೋಟಿಗಳಿಂದ ಯಾವ ಹಳ್ಳಿಯ ಬಾವಿಯಲ್ಲಿ ಎಷ್ಟು ಅಡಿ ನೀರು ಏರಿತು ಎಂಬ ಪ್ರಶ್ನೆಯನ್ನೂ ಶಾಸಕರು ಕೇಳಬೇಕಾಗಿದೆ. ಅದಕ್ಕೆ ಉತ್ತರ ಕೊಡಬಲ್ಲ ಇಲಾಖೆಗೆ ಹಣ ಹೆಚ್ಚಿಸಲಿ. ಕೊಡಲಾರದ ಇಲಾಖೆ ಮೊದಲು ಅಳೆಯುವುದನ್ನು ಕಲಿಯಲಿ.